ಟೋಕಿಯೊದಲ್ಲೊಂದು ಸಾವಿನ ಮನೆ

ನಮ್ಮ ಕಡೆ ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ಶಿರಸಿ ಹತ್ತಿರದ ನಮ್ಮೂರಿನಲ್ಲಿ ಅಜ್ಜ ತೀರಿಕೊಂಡಾಗ ಗಂಡಸರು ತೋಟ ದಾಟಿ ಬೆಟ್ಟದ ಅಂಚಿಗೆ ಹೊತ್ತುಕೊಂಡು ಹೋದರು. ನಾವು ಜಗಲಿಯಲ್ಲಿ ನಿಂತು ಹೊಗೆ ನೋಡಿದೆವು, ಅಷ್ಟೆ. ಹಾಗಾಗಿ ನಾನು ಚಿತಾಗಾರವೊಂದರ ಒಳಗೆ ಮೊದಲ ಸಲ ಕಾಲಿಟ್ಟಿದ್ದು ಟೋಕಿಯೊದಲ್ಲಿ, ನಮ್ಮ ಬಾಡಿಗೆ ಮನೆಯ ಯಜಮಾನರು ಹೋದಾಗ.

ಮನೆ ಯಜಮಾನರನ್ನು ಅಲ್ಲಿ ಓಯಾ-ಸಾನ್ ಅನ್ನುತ್ತಾರೆ. ಎದೊಗಾವಾ ವಾರ್ಡಿನ ಒಳ ಓಣಿಯಲ್ಲಿ ಅವರದು ಎರಡಂತಸ್ತಿನ ಹಳೇ ಕಟ್ಟಡ. ಕೆಳಗೆ ಅವರೊಬ್ಬರೇ, ಮೇಲೆ ನಾವು. ಒಂದು ಕಾಲಕ್ಕೆ ಲೇತ್ ಮಷೀನು ಇಟ್ಟುಕೊಂಡು ಬೋಲ್ಟು, ಬುಶ್ಶು ಮಾಡಿಕೊಡುತ್ತಿದ್ದವರು. ಹೆಂಡತಿ ಮೊದಲೇ ಹೋಗಿದ್ದರು. ಬೇಸಿಗೆಯಲ್ಲಿ ಕುಂಡದ ಟೊಮೆಟೊ, ಭಾನುವಾರ ರೇಡಿಯೊದಲ್ಲಿ ಕುದುರೆ ರೇಸು, ಉಳಿದ ಹೊತ್ತಿನಲ್ಲಿ ಕಸವನ್ನು ತಪ್ಪು ದಿನ ಹೊರಗಿಟ್ಟವರನ್ನು ಬೈಯುವುದು. ಹೆಗಡೆ ಅನ್ನುವುದು ಅವರ ನಾಲಿಗೆಗೆ ಒಗ್ಗದೆ ನಾನು ‘ಹೆಗುದೆ-ಸಾನ್’ ಆಗಿದ್ದೆ. ನಾನು ಕೊಟ್ಟ ಹುಳಿಯನ್ನು ‘ಕರೇ’ ಎಂದು ಕರೆದು, ಅನ್ನದ ಮೇಲೆ ಸುರಿದುಕೊಂಡು ಉಂಡು, ಪಾತ್ರೆ ತೊಳೆದು ಅದರಲ್ಲಿ ಟೊಮೆಟೊ ಹಾಕಿ ತಂದಿಡುತ್ತಿದ್ದರು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅನ್ನುವುದು ಮಲೆನಾಡಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ಇಂಥ ಜಪಾನಿ ಮನುಷ್ಯನ ಸುದ್ದಿ ನಾನು ಓದಿಕೊಂಡು ಬಂದ ಪುಸ್ತಕಗಳಲ್ಲಿ ಇರಲಿಲ್ಲ. ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಸಿಗುವ ಜಪಾನೇ ಬೇರೆ: ಸಮುರಾಯ್ ಶಿಸ್ತು, ಝೆನ್ ಮೌನ, ಇಕಿಗಾಯ್ ಅಂದರೆ ಬದುಕಿಗೊಂದು ಅರ್ಥ, ಒಡೆದ ಬಟ್ಟಲಿಗೆ ಚಿನ್ನದ ಬೆಸುಗೆ. ಅದೆಲ್ಲ ಸುಳ್ಳು ಅಂತಲ್ಲ. ಆದರೆ ಅದು ನಮ್ಮ ತನಕ ಬಂದ ದಾರಿ ಯಾವುದು ನೋಡಿ. ಸಮುರಾಯ್ ಧರ್ಮವೇ ಜಪಾನಿನ ಆತ್ಮ ಅನ್ನುವ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದ ನಿತೊಬೆ ಇನಾಜೊ ಅವರ ‘ಬುಶಿದೊ’ 1900ರಲ್ಲಿ ಹೊರಬಂದದ್ದು ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ. ಬರೆದವರು ಕ್ರೈಸ್ತರು, ಅವರ ಹೆಂಡತಿ ಅಮೆರಿಕದವರು, ಓದಲಿ ಎಂದು ಬರೆದದ್ದು ಪಶ್ಚಿಮದವರಿಗಾಗಿ. ಜಪಾನಿ ಅನುವಾದ ಬರುವಾಗ 1908. ಅಷ್ಟಕ್ಕೂ ಎದೊ ಕಾಲದ (1603–1868) ಜನರಲ್ಲಿ ಸಮುರಾಯ್ ಮನೆತನಗಳವರು ಹತ್ತರಲ್ಲೊಂದು ಪಾಲೂ ಇರಲಿಲ್ಲ. ಉಳಿದವರು ಗದ್ದೆ ಉತ್ತವರು, ಮರ ಕೆತ್ತಿದವರು, ಅಂಗಡಿ ಇಟ್ಟವರು. ನಮ್ಮ ಓಯಾ-ಸಾನ್ ಆ ಉಳಿದವರ ಪೈಕಿ. ಒಮ್ಮೆ ಅವರನ್ನು, ನಿಮ್ಮ ಇಕಿಗಾಯ್ ಏನು ಅಂತ ಕೇಳಿದ್ದೆ. ಟೊಮೆಟೊ ಗಿಡಕ್ಕೆ ಆಧಾರದ ಕೋಲು ಕಟ್ಟುತ್ತಿದ್ದವರು ತಲೆ ಎತ್ತಿ, ‘ಭಾನುವಾರ ರೇಸು ಗೆದ್ದರೆ ಹೇಳುತ್ತೇನೆ’ ಅಂದರು.

ಫೆಬ್ರವರಿಯ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಧ್ಯಾಹ್ನಕ್ಕೆ ದೇಹ ಮನೆಗೆ ಬಂತು. ಚಿಬಾದಿಂದ ಬಂದಿದ್ದ ಮಗಳು ಮೇಲೆ ಬಂದು ಬಾಗಿಲು ತಟ್ಟಿ, ‘ಹೆಗುದೆ-ಸಾನ್, ಅಪ್ಪನ ಮುಖ ನೋಡಿ ಹೋಗುತ್ತೀರಾ?’ ಅಂದರು.

ಚಾಪೆ ಹಾಸಿದ ಕೋಣೆಯಲ್ಲಿ ತೆಳು ಹಾಸಿಗೆ, ತಲೆ ಉತ್ತರಕ್ಕೆ, ಮುಖದ ಮೇಲೆ ಬಿಳಿ ಬಟ್ಟೆ. ಹೊದಿಕೆಯ ಅಡಿಯಲ್ಲಿ ಡ್ರೈ ಐಸ್. ಎದೆಯ ಮೇಲೆ ಅಂತ್ಯಕ್ರಿಯೆ ಕಂಪನಿಯವರು ಇಟ್ಟ ಪುಟ್ಟ ಕತ್ತಿ. ದಿಂಬಿನ ಪಕ್ಕ ಅವರು ದಿನಾ ಉಣ್ಣುತ್ತಿದ್ದ ಅದೇ ನೀಲಿ ಗೀರಿನ ಬಟ್ಟಲು. ಅದರಲ್ಲಿ ಗೋಪುರದ ಹಾಗೆ ಅನ್ನ, ಅನ್ನದಲ್ಲಿ ನೆಟ್ಟಗೆ ಚುಚ್ಚಿದ ಎರಡು ಊಟದ ಕಡ್ಡಿ. ಜಪಾನಿಗೆ ಬಂದ ಹೊಸತರಲ್ಲಿ, ಅನ್ನದಲ್ಲಿ ಕಡ್ಡಿ ಚುಚ್ಚಿಡಬೇಡಿ ಅಂತ ಎಲ್ಲರೂ ಹೇಳಿಕೊಡುತ್ತಾರೆ, ಪ್ರವಾಸಿ ಪುಸ್ತಕಗಳು ಅದನ್ನು ಟೇಬಲ್ ಮ್ಯಾನರ್ಸ್ ಪಟ್ಟಿಗೆ ಸೇರಿಸುತ್ತವೆ. ಮ್ಯಾನರ್ಸ್ ಅಲ್ಲ ಅದು. ಅದು ಸತ್ತವರ ಊಟ. ಉತ್ತರದ ತಲೆಯನ್ನಂತೂ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬುದ್ಧ ನಿರ್ವಾಣ ಹೊಂದುವಾಗ ಮಲಗಿದ್ದು ಹಾಗೆ ಅನ್ನುವುದು ಅವರ ಕಾರಣ. ನಮ್ಮ ಅಮ್ಮಮ್ಮ ಕಾರಣ ಹೇಳುವ ಗೋಜಿಗೇ ಹೋಗದೆ ರಾತ್ರಿ ನನ್ನ ದಿಂಬು ಎಳೆದು ತಿರುಗಿಸುತ್ತಿದ್ದಳು.

ಎದುರಿನ ಗೋಡೆಯ ಮೇಲೆ ಜಪಾನಿನ ಮೂಲ ಮತವಾದ ಶಿಂಟೊದ ದೇವರಿಗೆ, ಅಂದರೆ ಕಾಮಿಗೆ, ಪುಟ್ಟ ಮರದ ಗೂಡು, ಕಾಮಿದಾನಾ. ಅಳಿಯ ಕುರ್ಚಿ ಹತ್ತಿ ಅದಕ್ಕೆ ಬಿಳಿ ಕಾಗದ ಅಂಟಿಸುತ್ತಿದ್ದರು. ಸಾವಿನ ಮೈಲಿಗೆ ದೇವರಿಗೆ ತಟ್ಟಬಾರದು, ಸುಮಾರು ಐವತ್ತು ದಿನ ಆ ಗೂಡು ಮುಚ್ಚಿರಬೇಕು. ಸೂತಕದಲ್ಲಿ ದೇವರ ಕೋಣೆ ಬಾಗಿಲು ಹಾಕುವ ಮನೆಯಿಂದ ಬಂದವಳಿಗೆ ಇದೂ ಹೊಸದಲ್ಲ. ಆದರೆ ಅಲ್ಲಿ ಒಂದು ಗೋಡೆಗೆ ಬುದ್ಧ, ಇನ್ನೊಂದು ಗೋಡೆಗೆ ಶಿಂಟೊ. ಬುದ್ಧನ ಎದುರು ಊದುಬತ್ತಿ ಉರಿಯುತ್ತಿದೆ, ಇತ್ತ ಕಾಮಿಗೆ ಪರದೆ. ಈ ಎರಡನ್ನೂ ಕಾನೂನಿನ ಬಲದಿಂದ ಬೇರೆ ಮಾಡಿದ್ದು 1868ರ ಮೇಜಿ ಸರ್ಕಾರ. ಅದಕ್ಕೂ ಹಿಂದೆ ಸಾವಿರ ವರ್ಷಕ್ಕೂ ಮೇಲ್ಪಟ್ಟು ಬೆರೆತೇ ಇದ್ದವು. ನೀವು ಬೌದ್ಧರೋ ಶಿಂಟೊ ಮತದವರೋ ಎಂದು ಕೇಳುವುದು ಹೊರಗಿನವರ ಪ್ರಶ್ನೆ. ಆ ಮನೆಯಲ್ಲಿ ಯಾರಿಗೂ ಆ ಪ್ರಶ್ನೆ ಇರಲಿಲ್ಲ. ಅವರ ಪ್ರಶ್ನೆ ಟೇಪು ಗೋಡೆಗೆ ಯಾಕೆ ಅಂಟುತ್ತಿಲ್ಲ ಅನ್ನುವುದು.

ಆ ಮಧ್ಯಾಹ್ನ ನನಗೆ ಹೊಳೆದದ್ದು ಇನ್ನೊಂದು. ಜಪಾನಿಯರಿಗೆ ಸಂಪ್ರದಾಯ ರಕ್ತದಲ್ಲೇ ಬಂದಿರುತ್ತದೆ, ಪ್ರತಿಯೊಂದು ಚಲನೆಗೂ ಅವರಲ್ಲಿ ಒಂದು ತತ್ತ್ವ ಇರುತ್ತದೆ ಅಂತ ನಂಬಿಸಿದವರು ಈ ಮನೆಗೆ ಬರಬೇಕಿತ್ತು. ಮಗಳಿಗೆ ಏನೂ ಗೊತ್ತಿರಲಿಲ್ಲ. ಊದುಬತ್ತಿ ಒಂದೋ ಎರಡೋ? ಕಾಗದ ಮೊದಲೋ ದೀಪ ಮೊದಲೋ? ಎಲ್ಲದಕ್ಕೂ ಅಂತ್ಯಕ್ರಿಯೆ ಕಂಪನಿಯಿಂದ ಬಂದಿದ್ದ, ಮೀಸೆ ಕೂಡ ಸರಿಯಾಗಿ ಬಾರದ ಹುಡುಗನ ಮುಖ ನೋಡುತ್ತಿದ್ದರು. ಅವನು ಬಾಗಿ ಬಾಗಿ ಹೇಳಿಕೊಡುತ್ತಿದ್ದ. ಅವನಿಗೂ ತಿಳಿಯದ ಒಂದನ್ನು ಅಳಿಯ ಫೋನಿನಲ್ಲಿ ಹುಡುಕಿದರು. ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ. ಹೇಗೆ ಅಂತ ಮಾತ್ರ ಕೇಳಿದರು. ಭಟ್ಟರು ದರ್ಭೆ ಯಾವ ಬೆರಳಿಗೆ ಅಂದರೆ ಆ ಬೆರಳಿಗೆ ಹಾಕಿಕೊಂಡು ಕೂತ ನನ್ನ ಅಪ್ಪ, ಚಿಕ್ಕಪ್ಪಂದಿರು ಕಣ್ಣ ಮುಂದೆ ಬಂದರು.

ದಹನಕ್ಕೆ ಸರದಿ ಸಿಗಲು ವಾರದ ಹತ್ತಿರ ಕಾಯಬೇಕಾಯಿತು. ಜಪಾನಿನಲ್ಲಿ ಈಗ ವರ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ, ನೂರಕ್ಕೆ 99ಕ್ಕೂ ಹೆಚ್ಚು ಮಂದಿಗೆ ದಹನವೇ. ಚಳಿಗಾಲದಲ್ಲಿ ಟೋಕಿಯೊದ ಚಿತಾಗಾರಗಳಲ್ಲಿ ಉದ್ದ ಪಾಳಿ. ಅದರ ನಡುವೆ ಒಂದು ದಿನ ತೊಮೊಬಿಕಿ ಬಂತು. ಅವರ ಪಂಚಾಂಗದಲ್ಲಿ ಆರು ದಿನಗಳದೊಂದು ಸುತ್ತು ಇದೆ. ಮದುವೆಗೆ ತಾಯಿಆನ್ ಒಳ್ಳೆಯದು, ತೊಮೊಬಿಕಿ ದಿನ ಶವಸಂಸ್ಕಾರ ಮಾಡಿದರೆ ಸತ್ತವರು ಸ್ನೇಹಿತರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಾರಂತೆ. ಆ ದಿನ ಎಷ್ಟೋ ಚಿತಾಗಾರಗಳು ರಜೆ. ಅಳಿಯ ಎಂಜಿನಿಯರು. ‘ನಾನು ನಂಬುವುದಿಲ್ಲ’ ಅಂದರು, ‘ಆದರೆ ಆ ದಿನ ಇಟ್ಟರೆ ಅಪ್ಪನ ಜೊತೆ ಗೋ ಮಣೆಯಾಟ ಆಡುತ್ತಿದ್ದ ಮುದುಕರು ಒಬ್ಬರೂ ಬರಲಿಕ್ಕಿಲ್ಲ.’

ಅಂತ್ಯಕ್ರಿಯೆಯ ಹಿಂದಿನ ರಾತ್ರಿಯ ಪ್ರಾರ್ಥನೆಗೆ, ಅಂದರೆ ತ್ಸುಯಾಕ್ಕೆ, ನಾವು ಹಣದ ಲಕೋಟೆ ಸಿದ್ಧ ಮಾಡಬೇಕಿತ್ತು. ಇದು ಕೊದೆನ್. ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು, ಬ್ರೆಡ್ಡಿನ ಆಚೆ ಸಾಲಿನಲ್ಲೇ ಕಪ್ಪು-ಬಿಳಿ ದಾರ ಬಿಗಿದ ಲಕೋಟೆ, ಪಕ್ಕದಲ್ಲಿ ಬೂದು ಶಾಯಿಯ ಬ್ರಶ್ ಪೆನ್ನು. ಹೆಸರನ್ನು ಗಾಢ ಕಪ್ಪಿನಲ್ಲಿ ಬರೆಯಬಾರದು. ಕಣ್ಣೀರು ಬಿದ್ದು ಶಾಯಿ ನೀರಾದಂತೆ ತೆಳುವಾಗಿರಬೇಕು. ನಾಲ್ಕು, ಒಂಬತ್ತು ಬರುವ ಮೊತ್ತ ಕೂಡದು. ಎಟಿಎಂನಿಂದ ಬಂದ ಗರಿಗರಿ ನೋಟನ್ನು ನನ್ನ ಗಂಡ ನಡುವೆ ಒಮ್ಮೆ ಮಡಚಿ ಹಾಕಿದರು, ಹೊಸ ನೋಟು ಕೊಟ್ಟರೆ ಸಾವಿಗೆ ಮೊದಲೇ ತಯಾರಾಗಿ ಕೂತಂತೆ ಕಾಣುತ್ತದೆಂದು. ಸಭಾಂಗಣದ ಬಾಗಿಲಲ್ಲಿ ಓಣಿಯ ಸಂಘದ ಇಬ್ಬರು ಮೇಜು ಹಾಕಿ ಕೂತು ಹೆಸರು, ವಿಳಾಸ, ಮೊತ್ತ ಬರೆದುಕೊಳ್ಳುತ್ತಿದ್ದರು. ನಮ್ಮ ಮದುವೆ ಮನೆಗಳ ಮುಯ್ಯಿ ಪುಸ್ತಕ ನೋಡಿದವರಿಗೆ ಆ ಮೇಜು ಕಂಡರೆ ನಗು ಬರುತ್ತದೆ. ಇಲ್ಲಿಯೂ ಲೆಕ್ಕ ಪಕ್ಕಾ: ಕೊಟ್ಟದ್ದರಲ್ಲಿ ಅರ್ಧದಷ್ಟು ಬೆಲೆಯ ಉಡುಗೊರೆ ತಿರುಗಿ ಬರುತ್ತದೆ, ಮುಂದೆ ಅವರ ಮನೆಯಲ್ಲಿ ಸಾವಾದಾಗ ಈ ಪುಸ್ತಕ ನೋಡಿಯೇ ಇವರು ಕೊಡುತ್ತಾರೆ.

ಎಲ್ಲರೂ ಕಪ್ಪು. ಹೆಂಗಸರ ಕೊರಳಲ್ಲಿ ಒಂದೆಳೆ ಮುತ್ತು, ಎರಡೆಳೆ ಆಗದು, ದುಃಖ ದುಪ್ಪಟ್ಟಾಗುತ್ತದಂತೆ. ಈ ಕಪ್ಪನ್ನು ಜಪಾನಿನ ಹಳೆಯ ಸಂಪ್ರದಾಯ ಅಂತ ಫೋಟೊ ತೆಗೆದು ಹಾಕುವವರಿದ್ದಾರೆ. ಅಸಲಿಗೆ ಅಲ್ಲಿನ ಶೋಕದ ಬಣ್ಣ ಬಿಳಿ. ಕಪ್ಪು ಬಂದದ್ದು ಮೇಜಿ ಕಾಲದಿಂದ ಈಚೆಗೆ, ಯೂರೋಪಿನ ರಾಜಮನೆತನಗಳನ್ನು ನೋಡಿ. ಆ ಸಭೆಯಲ್ಲಿ ಹಳೆಯ ರೀತಿಯಲ್ಲಿ ಬಿಳಿ ಉಟ್ಟಿದ್ದವರು ಪೆಟ್ಟಿಗೆಯಲ್ಲಿ ಮಲಗಿದ್ದ ಓಯಾ-ಸಾನ್ ಒಬ್ಬರೇ.

ಪುರೋಹಿತರು ತಾವೇ ಕಾರು ಓಡಿಸಿಕೊಂಡು ಬಂದರು. ಶಿಂಗೊನ್ ಎಂಬ ಬೌದ್ಧ ಪಂಥದವರು. ಗಂಟೆ ಬಾರಿಸಿ ಸೂತ್ರ ಪಠಿಸತೊಡಗಿದಾಗ ಮೊದಲು ಏನೂ ಗೊತ್ತಾಗಲಿಲ್ಲ. ಒಂದು ಕಡೆ ಸ್ವರ ಬದಲಾಯಿತು: ‘ಓನ್ ಅಬೊಕ್ಯಾ ಬೆಯಿರೊಶಾನೊ ಮಾಕಾಬೊದಾರಾ ಮಾನಿ ಹಂದೊಮಾ ಜಿಂಬಾರಾ...’ ನನ್ನ ಬೆನ್ನು ನೆಟ್ಟಗಾಯಿತು. ಓಂ ಅಮೋಘ ವೈರೋಚನ ಮಹಾಮುದ್ರಾ ಮಣಿ ಪದ್ಮ ಜ್ವಾಲ! ಗಂಡ ಕಿವಿಯ ಹತ್ತಿರ ಬಾಗಿ, ‘ನೋಡಿದ್ಯಾ, ಎಲ್ಲಾ ನಮ್ಮದೇ’ ಅಂದರು. ಮೊಣಕೈಯಲ್ಲಿ ತಿವಿದು ಸುಮ್ಮನಾಗಿಸಿದೆ.

ಈ ‘ಎಲ್ಲಾ ನಮ್ಮದೇ’ ಅನ್ನುವ ಖುಷಿ ನನಗೂ ಗೊತ್ತು. ಶಿಂಗೊನ್ ಪಂಥದ ಗೋರಿಗಳ ಹಿಂದೆ ನಿಲ್ಲಿಸುವ ಉದ್ದನೆಯ ಮರದ ಹಲಗೆಗಳ ಮೇಲೆ ಸಿದ್ಧಂ ಲಿಪಿಯ ಸಂಸ್ಕೃತ ಬೀಜಾಕ್ಷರ ಕಂಡಾಗ ನಾನೂ ಮನೆಗೆ ಫೋಟೊ ಕಳಿಸಿದವಳೇ. ಈ ಪಂಥ ಕಟ್ಟಿದ ಕೂಕಾಯ್ ಎಂಬ ಸನ್ಯಾಸಿ ಚೀನಾದ ಚಾಂಗಾನ್ ನಗರದಲ್ಲಿ ಹುಯಿಗುವೊ ಎಂಬ ಗುರುವಿನ ಬಳಿ ದೀಕ್ಷೆ ಪಡೆದು, ಅಲ್ಲೇ ಇದ್ದ ಪ್ರಜ್ಞ ಎಂಬ ಭಿಕ್ಷುವಿನಿಂದ ಸಂಸ್ಕೃತ ಕಲಿತು 806ರಲ್ಲಿ ಹಿಂದಿರುಗಿದ. ಅಲ್ಲಿಂದ ಇಲ್ಲಿಗೆ ಸಾವಿರದಿನ್ನೂರು ವರ್ಷ. ಅಷ್ಟು ಕಾಲ ಆ ಮಂತ್ರವನ್ನು ಸಾವಿನ ಮನೆಗಳಲ್ಲಿ ಹೇಳಿದವರು ಅವರು, ಉಳಿಸಿದವರು ಅವರು. ಮೆಣಸಿನಕಾಯಿ ಪೋರ್ಚುಗೀಸರು ತಂದದ್ದು ಅಂತ ಬ್ಯಾಡಗಿ ಮೆಣಸು ಪೋರ್ಚುಗಲ್ಲಿನದಾದೀತೇ? ಪಶ್ಚಿಮದವರು ಜಪಾನನ್ನು ಅರ್ಥವಾಗದ ಒಗಟು ಮಾಡಿ ದೂರ ಇಟ್ಟರು, ನಾವು ಅದನ್ನು ನಮ್ಮ ಮನೆಯ ಕಳೆದುಹೋದ ಪೆಟ್ಟಿಗೆ ಮಾಡಿ ಹತ್ತಿರ ಎಳೆದುಕೊಳ್ಳುತ್ತೇವೆ. ಎರಡರಲ್ಲೂ ಎದುರಿಗೆ ಕೂತ ಮನುಷ್ಯ ಕಾಣುವುದಿಲ್ಲ. ಆ ಹೊತ್ತಿಗೆ ಎದುರಿಗೆ ಕೂತ ಮಗಳ ಚಿಂತೆ ಮಂತ್ರದ ಮೂಲವಲ್ಲ. ಸತ್ತವರಿಗೆ ಪುರೋಹಿತರು ಕೊಡುವ ಹೊಸ ಹೆಸರು, ಕೈಮ್ಯೊ, ಅದರ ದಕ್ಷಿಣೆ. ಹೆಸರಿನಲ್ಲಿ ಅಂತಸ್ತುಗಳಿವೆ, ಅಂತಸ್ತು ಏರಿದಂತೆ ಕೊಡಬೇಕಾದದ್ದೂ ಏರುತ್ತದೆ. ಅಮ್ಮನಿಗೆ ಕೊಡಿಸಿದ ಹೆಸರಿಗಿಂತ ಅಪ್ಪನದು ಕಡಿಮೆಯಾಗಬಾರದಲ್ಲ!

ಪ್ರಾರ್ಥನೆಯ ಬಳಿಕ ಊಟ. ಸಾವಿನ ದಿನಗಳಲ್ಲಿ ಮೀನು-ಮಾಂಸ ಬಿಟ್ಟು ಸಪ್ಪೆ ಉಣ್ಣುವುದು ಹಳೆಯ ಕ್ರಮ. ಈಗ ಮೇಜಿನ ತುಂಬ ಸುಶಿ. ಅಲ್ಲಿ ಆ ಕ್ರಮ ಪಾಲಿಸಿದ್ದು, ಸೌತೆಕಾಯಿ ಸುಶಿಯೊಂದನ್ನೇ ತಿಂದ ಈ ಹವ್ಯಕರ ಹೆಂಗಸು ಮಾತ್ರ. ಪುರೋಹಿತರು ಟ್ಯೂನಾ ತುಂಡು ಎತ್ತಿಕೊಂಡು, ಕಾರು ಓಡಿಸಬೇಕಲ್ಲ ಎಂದು ಬಿಯರ್ ಬದಲು ಊಲಾಂಗ್ ಚಹಾ ಸುರಿದುಕೊಂಡರು. ಹೈಸ್ಕೂಲಿನ ಮಗನಿಗೆ ದೇವಸ್ಥಾನ ವಹಿಸಿಕೊಳ್ಳುವ ಮನಸ್ಸಿಲ್ಲ ಅಂತ ಪಕ್ಕದವರೊಡನೆ ಹೇಳಿಕೊಂಡರು. ಬೌದ್ಧ ಸನ್ಯಾಸಿಗಳು ಮಾಂಸ ತಿನ್ನಬಹುದು, ಮದುವೆಯಾಗಬಹುದು, ಕೂದಲು ಬಿಡಬಹುದು ಅಂತ 1872ರಲ್ಲೇ ಸರ್ಕಾರ ಹೇಳಿಬಿಟ್ಟಿದೆ. ನನ್ನ ಬೆಂಗಳೂರಿನ ಗೆಳತಿಯ ಮನೆಯಲ್ಲಿ ಝೆನ್ ಸನ್ಯಾಸಿಯ ಚಿತ್ರವಿರುವ ಕ್ಯಾಲೆಂಡರ್ ಇದೆ, ತಿಂಗಳಿಗೊಂದು ಮೌನ. ಬಹುಪಾಲು ಜಪಾನಿಯರಿಗೆ ಬೌದ್ಧಧರ್ಮ ಅಂದರೆ ಧ್ಯಾನ ಅಲ್ಲವೇ ಅಲ್ಲ. ಅಂತ್ಯಕ್ರಿಯೆ, ನಲವತ್ತೊಂಬತ್ತನೇ ದಿನ, ವರ್ಷಾಂತಿಕ.

ಮರುದಿನ ಪೆಟ್ಟಿಗೆ ಮುಚ್ಚುವ ಮುನ್ನ, ಅಲಂಕಾರಕ್ಕಿಟ್ಟ ಸೇವಂತಿಗೆ, ಲಿಲ್ಲಿಗಳನ್ನು ಕಿತ್ತು ತಟ್ಟೆಯಲ್ಲಿ ಕೊಟ್ಟರು. ಒಬ್ಬೊಬ್ಬರೂ ದೇಹದ ಸುತ್ತ ಇಡಬೇಕು. ಮೂರು ಹಾದಿಯ ನದಿ ದಾಟಲು ದೋಣಿಯವನಿಗೆ ಆರು ಕಾಸು ಬೇಕು. ಲೋಹ ಸುಡುವಂತಿಲ್ಲವಾದ್ದರಿಂದ ಕಾಸಿನ ಚಿತ್ರ ಅಚ್ಚು ಹಾಕಿದ ಕಾಗದ. ಮಗಳು ರೇಸಿನ ಪೇಪರು, ಒಂದು ಪ್ಯಾಕು ಸಿಗರೇಟು ಇಟ್ಟರು. ಕನ್ನಡಕ ಇಡಲು ಹೋದಾಗ ಕಂಪನಿಯ ಹುಡುಗ ತಡೆದ: ಗಾಜು ಕುಲುಮೆಗೆ ಆಗದು. ‘ಹಾಗಾದರೆ ಪೇಪರು ಹೇಗೆ ಓದುತ್ತಾರೆ?’ ಅಂದ ಮಗಳು ಅಲ್ಲಿವರೆಗೆ ತಡೆದದ್ದೆಲ್ಲ ಬಿಟ್ಟು ಜೋರಾಗಿ ಅತ್ತರು.

ಆಗ ಒಸಾಕಾದಿಂದ ಬಂದ ಓಯಾ-ಸಾನ್ ಅವರ ತಮ್ಮ ಮುಂದೆ ಬಂದರು. ಎಪ್ಪತ್ತು ದಾಟಿದವರು, ಮುಖ ಕೆಂಪು. ಅಣ್ಣನ ಕೆನ್ನೆಗೆ ಎರಡು ಸಲ ತಟ್ಟಿ, ‘ಆಹೊ!’ ಅಂದರು. ಒಸಾಕಾದಲ್ಲಿ ಪ್ರೀತಿಗೂ ಸಿಟ್ಟಿಗೂ ಒಂದೇ ಬೈಗುಳ. ‘ಬರುವ ಏಪ್ರಿಲ್‌ಗೆ ಬರುತ್ತೇನೆ ಅಂದಿದ್ದೆಯಲ್ಲೋ, ಹೂವು ನೋಡೋಕೆ!’ ಮೂಗು ಒರೆಸಿಕೊಂಡು ಆಚೆ ಹೋಗಿ, ಕೇಳುವಂತೆ ಬಿಕ್ಕಿದರು. ಜಪಾನಿಯರು ಭಾವನೆ ತೋರಿಸುವುದಿಲ್ಲ ಅನ್ನುವ ಮಾತಿಗೆ ನಾನು ಇನ್ನೇನು ಉತ್ತರ ಕೊಡಲಿ.

ಚಿತಾಗಾರಕ್ಕೆ ಮನೆಯವರಷ್ಟೇ ಹೋಗುತ್ತಾರೆ. ನಾವು ಹಿಂದೆ ಸರಿದು ನಿಂತಿದ್ದಾಗ ಮಗಳು, ‘ಕೆಳಗಿನ ಕೋಣೆಯಲ್ಲಿ ಲೈಟು ಹತ್ತಿಲ್ಲ ಅಂತ ಮೊದಲು ನೋಡಿದ್ದು ನೀವೇ ಅಲ್ವಾ, ಬನ್ನಿ’ ಅಂದರು. ಹೋದೆವು.

ಹೊಗೆಯಿಲ್ಲ, ವಾಸನೆಯಿಲ್ಲ. ಲಿಫ್ಟಿನ ಬಾಗಿಲುಗಳಂಥ ಸಾಲು. ಪೆಟ್ಟಿಗೆ ಒಳ ಹೋಯಿತು, ಬಾಗಿಲು ಮುಚ್ಚಿತು, ಎಲ್ಲರೂ ಕೈ ಮುಗಿದರು. ಕಾಯುವ ಕೋಣೆಯಲ್ಲಿ ಗಂಟೆ ಹೊತ್ತು ಚಹಾ, ಬಿಸ್ಕತ್ತು, ಬಿಯರು. ಓಯಾ-ಸಾನ್ ಬಾಡಿಗೆದಾರನೊಬ್ಬನ ಕಸದ ಚೀಲ ಬಿಚ್ಚಿ ವಿಂಗಡಿಸಿ ಅವನ ಬಾಗಿಲ ಮುಂದಿಟ್ಟ ಕಥೆಗೆ ಎಲ್ಲರೂ ನಕ್ಕರು. ಆಮೇಲೆ ಕರೆದರು.

ಉಕ್ಕಿನ ಹಲಗೆಯ ಮೇಲೆ ಬಿಳಿ ಎಲುಬುಗಳು, ಇನ್ನೂ ಕಾವು. ನಮ್ಮ ಕೈಗೆ ಒಂದು ಬಿದಿರು, ಒಂದು ಮರ, ಹೀಗೆ ಜೋಡಿಯಲ್ಲದ ಉದ್ದ ಕಡ್ಡಿಗಳನ್ನು ಕೊಟ್ಟರು. ಇಬ್ಬರು ಎದುರುಬದುರು ನಿಂತು ಒಂದೇ ಎಲುಬನ್ನು ಇಬ್ಬರ ಕಡ್ಡಿಗಳಿಂದಲೂ ಎತ್ತಿ ಕಲಶಕ್ಕೆ ಹಾಕಬೇಕು. ಊಟದಲ್ಲಿ ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬಾರದು ಅನ್ನುವುದು ಇದಕ್ಕೇ. ನನಗೆ ಜೋಡಿಯಾಗಿ ಸಿಕ್ಕವನು ಹೈಸ್ಕೂಲಿನ ಮೊಮ್ಮಗ. ಅವನ ಕಡ್ಡಿ ನಡುಗುತ್ತಿತ್ತು. ‘ನನಗೂ ಮೊದಲ ಸಲ’ ಅಂದ ಸಣ್ಣಗೆ. ಇಬ್ಬರೂ ಸೇರಿ ಹಿಮ್ಮಡಿಯದೋ ಏನೋ ಒಂದು ಚೂರು ಎತ್ತಿದೆವು. ಹಗುರ ಅಂದರೆ ಅಷ್ಟು ಹಗುರ. ಕಲಶದೊಳಗೆ ಒಣ ಸದ್ದು ಮಾಡಿ ಕೂತಿತು.

ಕಾಲಿನಿಂದ ಶುರು, ತಲೆ ಕೊನೆಗೆ. ಕಲಶದೊಳಗೆ ಮನುಷ್ಯ ತಲೆಕೆಳಗಾಗಬಾರದು. ಬಿಳಿ ಕೈಗವಸಿನ ಸಿಬ್ಬಂದಿ ಪಾಠ ಮಾಡುವ ಮೇಷ್ಟ್ರ ಧಾಟಿಯಲ್ಲಿ, ಇದು ಭುಜ, ಇದು ದವಡೆ ಎಂದು ತೋರಿಸುತ್ತ ಹೋದರು. ಕತ್ತಿನ ಎರಡನೇ ಎಲುಬನ್ನು ಬೇರೆಯಾಗಿ ಇಟ್ಟಿದ್ದರು. ಕೈ ಮುಗಿದು ಕೂತ ಬುದ್ಧನ ಆಕಾರ ಅದಕ್ಕೆ. ‘ಚೆನ್ನಾಗಿ ಉಳಿದಿದೆ’ ಅಂತ ಅವರು ಹೇಳಿದಾಗ ಮಗಳ ಮುಖದಲ್ಲಿ ಹೆಮ್ಮೆ ಕಂಡಿತು, ಸುಳ್ಳಲ್ಲ. ಕೊನೆಗೆ ಪುಟ್ಟ ಬ್ರಶ್ಶಿನಿಂದ ಪುಡಿಯನ್ನೂ ಗುಡಿಸಿ ಸುಮಾರು 21 ಸೆಂ.ಮೀ. ಅಗಲದ ಕಲಶಕ್ಕೆ ಸುರಿದರು.

‘ಎಲ್ಲಾ ತುಂಬಿಸ್ತೀರಾ?’ ಒಸಾಕಾದ ತಮ್ಮ ಬೆರಗಾದರು. ಅವರ ಕಡೆ ಮುಖ್ಯ ಎಲುಬುಗಳನ್ನಷ್ಟೇ ಸಣ್ಣ ಕಲಶಕ್ಕೆ ಹಾಕಿ ಉಳಿದದ್ದನ್ನು ಚಿತಾಗಾರಕ್ಕೇ ಬಿಟ್ಟು ಬರುತ್ತಾರೆ. ಟೋಕಿಯೊ ಕಡೆ ಒಂದು ಚಿಟಿಕೆಯೂ ಬಿಡುವಂತಿಲ್ಲ. ಅಣ್ಣ-ತಮ್ಮಂದಿರೇ ಆದರೂ ಊರು ಬೇರೆಯಾಯಿತು, ಕ್ರಮ ಬೇರೆಯಾಯಿತು. ‘ಜಪಾನೀ ಸಂಪ್ರದಾಯದಲ್ಲಿ ಹೀಗೆ’ ಅಂತ ಯಾರಾದರೂ ಹೇಳಿದರೆ, ಯಾವ ಊರಿನಲ್ಲಿ, ಯಾವ ಪಂಥದಲ್ಲಿ ಅಂತ ಆಮೇಲಿಂದ ಕೇಳುತ್ತೇನೆ. ಜೋದೊ ಶಿನ್ ಪಂಥದ ಮನೆಯಾಗಿದ್ದರೆ ದಿಂಬಿನ ಪಕ್ಕದ ಅನ್ನವೇ ಇರುತ್ತಿರಲಿಲ್ಲ. ಸತ್ತವರು ಆಗಲೇ ಸುಖಾವತಿ ಎಂಬ ಬುದ್ಧಲೋಕ ಸೇರಿದ್ದಾರೆ, ದಾರಿಬುತ್ತಿ ಯಾಕೆ ಅನ್ನುವವರು ಅವರು.

ಮನೆ ಬಾಗಿಲಲ್ಲಿ, ಕೊಟ್ಟಿದ್ದ ಪೊಟ್ಟಣದ ಉಪ್ಪನ್ನು ಎದೆ, ಬೆನ್ನು, ಕಾಲಿನ ಮೇಲೆ ಚಿಮುಕಿಸಿಕೊಂಡೆವು. ರಾತ್ರಿ ಅತ್ತೆ ಫೋನು ಮಾಡಿದರು. ಎಲುಬು ಆರಿಸಿದ್ದನ್ನು ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, ‘ಸ್ನಾನ ಆತನೇ?’ ಅಂದರು. ಆಯಿತು ಅಂದೆ. ‘ಹೆಂಗಸರಿಗೂ ಬಿಡ್ತ್ವಾ ಅಲ್ಲಿ?’ ಅಂತ ಕೇಳಿದ ಆ ಸ್ವರದಲ್ಲಿ ಆಕ್ಷೇಪ ಇತ್ತೋ ಅಸೂಯೆ ಇತ್ತೋ, ಈಗಲೂ ಕೇಳುವ ಧೈರ್ಯ ನನಗಿಲ್ಲ.

ನಲವತ್ತೊಂಬತ್ತನೇ ದಿನ ಕಲಶ ಗೋರಿಗೆ ಸೇರಿತು. ಆಮೇಲೆ ನಮಗೊಂದು ದಪ್ಪ ಕ್ಯಾಟಲಾಗ್ ಬಂತು: ಕೊದೆನ್‌ನ ಮರು ಉಡುಗೊರೆ, ಇಷ್ಟವಾದದ್ದಕ್ಕೆ ಗುರುತು ಹಾಕಿ ಕಳಿಸಬೇಕು. ಹಾಳೆ ಹಾಳೆಗೂ ಗೋಮಾಂಸ, ಏಡಿ, ಹಾವುಮೀನು. ಹುಡುಕಿ ಹುಡುಕಿ ನಿಗಾತಾದ ಅಕ್ಕಿಗೆ ಗುರುತು ಹಾಕಿದೆವು. ಬಾಡಿಗೆ ಕರಾರು ಹೊಸ ಹೆಸರಿಗೆ ಮಾಡಿಸಲು ಬಂದ ಮಗಳು ನಮ್ಮ ಮೇಜಿನ ಮೇಲೆ ಎರಡು ಪುಸ್ತಕ ಹರಡಿ ಕೂತರು, ಒಂದು ಅಪ್ಪನ ಸಾವಿನದು, ಇನ್ನೊಂದು ಅಮ್ಮನ ಸಾವಿನ ಕಾಲದ್ದು, ಅದು ಓಯಾ-ಸಾನ್ ಅವರದೇ ಕೈಬರಹ. ಯಾರು ಆಗ ಎಷ್ಟು ಕೊಟ್ಟಿದ್ದರು, ಈಗ ಎಷ್ಟು ಅಂತ ತಾಳೆ ನೋಡಬೇಕಂತೆ. ಒಸಾಕಾದ ಚಿಕ್ಕಪ್ಪನ ಹೆಸರಿನ ಹತ್ತಿರ ಬೆರಳು ನಿಂತಿತು. ಹಳೇ ಪುಸ್ತಕದಲ್ಲಿ ಆ ಮೊತ್ತದ ಪಕ್ಕ ಓಯಾ-ಸಾನ್ ಪೆನ್ಸಿಲಿನಲ್ಲಿ ಸಣ್ಣಗೆ ‘ಜಿಪುಣ’ ಅಂತ ಬರೆದಿದ್ದರು.

‘ಈ ಸಲ?’ ಅಂತ ಕೇಳಿದೆ.

‘ಅಷ್ಟೇ’ ಅಂದವರು, ನಗುತ್ತ ನನ್ನ ಕೈಯಿಂದಲೇ ಪೆನ್ಸಿಲ್ ತೆಗೆದುಕೊಂಡರು.